ಬಚ್ಚಲೊಲೆಯ ಬಿಸಿಯಲ್ಲಿ ಮೆಣಸಿನ ಸಸಿ

ನಮ್ಮ ಸಕಲೇಶಪುರದ ಕಡೆ ಡಿಸೆಂಬರ್ ಚಳಿಗೆ ಮೆಣಸಿನಕಾಯಿ ಬೀಜ ಬೇಗ ಏಳುವುದಿಲ್ಲ. ಅದಕ್ಕೆ 25ರಿಂದ 30 ಡಿಗ್ರಿ ಬಿಸಿ ಇರುವ ಮಣ್ಣು ಬೇಕು. ಅದಕ್ಕೇ ಬೀಜ ಹಾಕಿದ ಟ್ರೇಗಳನ್ನು ಬಚ್ಚಲೊಲೆ ಪಕ್ಕದ ಕಟ್ಟೆ ಮೇಲಿಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸುತ್ತೇನೆ.

ಮೊದಲ ವರ್ಷ 8ನೇ ದಿನಕ್ಕೇ ಮೊಳಕೆ ಬಂತು. ಚಳಿ ತಾಗದಿರಲಿ ಅಂತ ಇನ್ನೂ 4 ದಿನ ಹಾಗೇ ಮುಚ್ಚಿಟ್ಟೆ. ತೆಗೆದು ನೋಡಿದರೆ ಗೊಬ್ಬರದ ಮೇಲೆಲ್ಲ ಬಿಳಿ ಬೂಷ್ಟು. ಅರ್ಧಕ್ಕರ್ಧ ಸಸಿ ಬುಡದಲ್ಲಿ ನೂಲಿನಂತಾಗಿ ಮಲಗಿದ್ದವು. ತುಂಬಾ ಸಂಕಟವಾಯಿತು. ಅಮ್ಮ ಬಂದು ನೋಡಿ, "ಗಾಳಿನೇ ಆಡಿಲ್ಲ ಕಣೋ" ಎಂದರು.

ಅಲ್ಲಿ ಆಗಿದ್ದು ಎರಡು ಬೇರೆ ಬೇರೆ ತೊಂದರೆ. ಮೇಲೆ ಕಾಣುವ ಬಿಳಿ ಬೂಷ್ಟು ಹೆಚ್ಚಾಗಿ ಗೊಬ್ಬರದಲ್ಲಿ ಪೂರ್ತಿ ಕೊಳೆಯದೆ ಉಳಿದ ಎಲೆ, ಕಡ್ಡಿಗಳನ್ನು ತಿನ್ನುವಂಥದ್ದು. ಸಸಿಗೆ ಅದರಿಂದ ಅಷ್ಟೇನೂ ಕೆಡುಕಿಲ್ಲ. ಸಸಿಯನ್ನು ಕೊಲ್ಲುವುದು ಮಣ್ಣಿನಲ್ಲಿರುವ ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಾಣುಗಳು. ನಮಗೆ ಗೊತ್ತಾಗುವಷ್ಟರಲ್ಲಿ ಬುಡ ಕೊಳೆತಿರುತ್ತದೆ. ಆದರೆ ಜಾಸ್ತಿ ತೇವ, ನಿಂತ ಗಾಳಿ ಇದ್ದರೆ ಎರಡೂ ಹೆಚ್ಚುತ್ತವೆ.

ಈಗ ನನ್ನ ತಯಾರಿ ಏಪ್ರಿಲ್‌ನಲ್ಲೇ ಶುರು. ಮಣ್ಣಿನ ವಾಸನೆ ಬರುವಷ್ಟು ಮಾಗಿದ ಗೊಬ್ಬರವನ್ನು ಜರಡಿ ಹಿಡಿದು, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ತೆಳ್ಳಗೆ ಹರಡಿ ಕಟ್ಟುತ್ತೇನೆ. ಆ ರೋಗಾಣುಗಳು ಸಾಯಲು 6 ವಾರ ಬಿಸಿಲಲ್ಲಿ ಬೇಯಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಲ್ಲೇ ಒಳಗೆ ಶಾಖ ಜಾಸ್ತಿ. ರೋಗಾಣುಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರವಾದ ಟ್ರೈಕೋಡರ್ಮಾ ಬೆರೆಸುವುದು ಇದೆಲ್ಲ ಆದ ಮೇಲೆ, ಬಿತ್ತುವ ಹೊತ್ತಿಗೆ. ಮೊದಲೇ ಹಾಕಿದರೆ ಆ ಶಾಖಕ್ಕೆ ಅದೂ ಸಾಯುತ್ತದೆ, ಅಲ್ವಾ?

ಬಿತ್ತುವಾಗ ಒಂದು ಪಾಲು ಗೊಬ್ಬರಕ್ಕೆ ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಮೇಲಿಂದ ನೀರು ಹಾಕುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ 10 ನಿಮಿಷ ಟ್ರೇಯನ್ನು ನೀರಿನ ತಟ್ಟೆಯಲ್ಲಿ ಇಟ್ಟರೆ ಕೆಳಗಿಂದಲೇ ಹೀರಿಕೊಳ್ಳುತ್ತದೆ. ಮನೆಯವರು ಸ್ನಾನಕ್ಕೆ ಹೋಗುವಾಗ ಟ್ರೇ ಹೊರಗೆ ಬರಲೇಬೇಕು. ಆ ಹಬೆ ಒಳ್ಳೆಯದಲ್ಲ.

ಎಲ್ಲಕ್ಕಿಂತ ನನ್ನ ಸಸಿಗಳನ್ನು ಉಳಿಸಿದ್ದು ಇದು: 5ನೇ ದಿನದಿಂದ ಬೆಳಿಗ್ಗೆ, ಸಂಜೆ ಹಾಳೆ ಎತ್ತಿ ನೋಡುತ್ತೇನೆ. ಅರ್ಧ ಗುಳಿಗಳಲ್ಲಿ ಮೊಳಕೆಯ ಕುತ್ತಿಗೆ ಕಂಡರೆ ಸಾಕು, ಅವತ್ತೇ ಹಾಳೆ ತೆಗೆದು ಟ್ರೇಯನ್ನು ಪೂರ್ವದ ಕಿಟಕಿಗೆ ಸಾಗಿಸುತ್ತೇನೆ. ಉಳಿದ ಬೀಜಗಳು ಅಲ್ಲೇ ನಿಧಾನಕ್ಕೆ ಏಳುತ್ತವೆ. ಅವುಗಳ ಆಸೆಗೆ ಎದ್ದವನ್ನು ಕಳೆದುಕೊಳ್ಳುವುದು ಬೇಡ.

ಈಗಲೂ ಒಂದೊಂದು ಸಸಿ ಮಲಗುತ್ತದೆ. ಅಂಥದ್ದನ್ನು ಚಮಚದಲ್ಲಿ ಮಣ್ಣಿನ ಸಮೇತ ತೆಗೆದು ದೂರ ಎಸೆಯುತ್ತೇನೆ. ಗೊಬ್ಬರದ ಗುಂಡಿಗೆ ಮಾತ್ರ ಹಾಕುವುದಿಲ್ಲ.