ಕನ್ನಡ ಸ್ಲೈಡಿಗೆ ಕನ್ನಡದ್ದೇ ಅಳತೆ: ತರಬೇತಿ ಸ್ಲೈಡುಗಳನ್ನು ನಾನು ಮಾಡುವ ಬಗೆ

ರೈತರ ತರಬೇತಿ, ಸ್ವಸಹಾಯ ಸಂಘದ ಸಭೆ, ಶಿಕ್ಷಕರ ಕಾರ್ಯಾಗಾರ ಇಂಥವಕ್ಕೆ ಕನ್ನಡದಲ್ಲಿ ಸ್ಲೈಡ್ ಮಾಡಿಕೊಡುವುದು ನನ್ನ ಕೆಲಸ. ಪವರ್‌ಪಾಯಿಂಟಿನಲ್ಲಿ ಮೊದಲೇ ಕೂಡಿಸಿಟ್ಟಿರುವ ಅಳತೆಗಳೆಲ್ಲ ಇಂಗ್ಲಿಷ್ ಅಕ್ಷರದ ಮೈಗೆ ಹೊಲಿದ ಅಂಗಿಗಳು. ಸಾಲಿನ ಅಂತರ, ಶೀರ್ಷಿಕೆಯ ಪೆಟ್ಟಿಗೆ, ಒತ್ತಿ ಹೇಳಲು ಬಳಸುವ ಓರೆ ಅಕ್ಷರ, ಇದ್ಯಾವುದೂ ಇದ್ದ ಹಾಗೇ ಬಿಟ್ಟರೆ ಕನ್ನಡಕ್ಕೆ ಹೊಂದುವುದಿಲ್ಲ. ವಿಷಯ ಯಾವುದೇ ಇರಲಿ, ಇವನ್ನು ಸರಿಮಾಡಿಕೊಂಡ ಮೇಲೇ ನಾನು ಬರೆಯಲು ಕೂರುವುದು.

ಅದಕ್ಕೂ ಮೊದಲು ಕಾರ್ಯಕ್ರಮ ಮಾಡುವವರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳುತ್ತೇನೆ: ಪರದೆ ಎಷ್ಟು ಎತ್ತರ, ಕೊನೆಯ ಕುರ್ಚಿ ಎಷ್ಟು ದೂರ, ಕಿಟಕಿಗೆ ಪರದೆ ಎಳೆಯಬಹುದೇ, ಪ್ರೊಜೆಕ್ಟರ್ ಹಳೆಯದೋ ಹೊಸದೋ. ಪರದೆ 4 ಅಡಿ ಎತ್ತರ, ಕೊನೆಯ ಸಾಲು 32 ಅಡಿ ದೂರ ಎಂದಿಟ್ಟುಕೊಳ್ಳಿ. ಅಂದರೆ ಪರದೆಯ ಎತ್ತರದ 8 ಪಟ್ಟು ದೂರ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಎತ್ತರ ಸುಮಾರು 19 ಸೆಂ.ಮೀ. ಅದರ 8 ಪಟ್ಟು ಎಂದರೆ ಒಂದೂವರೆ ಮೀಟರ್, ಹೆಚ್ಚುಕಮ್ಮಿ 5 ಅಡಿ. ಸ್ಲೈಡನ್ನು ಪೂರ್ತಿ ಪರದೆಗೆ ಹಾಕಿ ಅಷ್ಟು ಹಿಂದೆ ಸರಿದು ನಿಂತರೆ ಕೊನೆಯ ಸಾಲಿನವರಿಗೆ ಕಾಣುವಷ್ಟೇ ಗಾತ್ರದಲ್ಲಿ ನಿಮಗೂ ಕಾಣುತ್ತದೆ. ಅಲ್ಲಿಂದ ಕಣ್ಣು ಕಿರಿದು ಮಾಡದೆ ಓದಲು ಆಗದಿದ್ದರೆ ಅಕ್ಷರ ಸಣ್ಣದಾಯಿತು ಎಂದರ್ಥ. ಇಂತಿಷ್ಟು ಪಾಯಿಂಟ್ ಇರಬೇಕು ಎಂಬ ಲೆಕ್ಕಕ್ಕಿಂತ ಈ ಪರೀಕ್ಷೆಯನ್ನೇ ನಾನು ನಂಬುತ್ತೇನೆ. ಅದೇ 28 ಪಾಯಿಂಟಿನಲ್ಲಿ ‘ತುಂಗಾ’ ಫಾಂಟ್ ಒಂದು ಗಾತ್ರ ಕಂಡರೆ ‘ಬಲೂ ತಮ್ಮ’ ಫಾಂಟ್ ಇನ್ನೊಂದು ಗಾತ್ರ ಕಾಣುತ್ತದೆ.

ಪ್ರೊಜೆಕ್ಟರಿನ ವಯಸ್ಸು ಕೇಳುವುದಕ್ಕೂ ಕಾರಣವಿದೆ. ಶಾಲೆ, ಪಂಚಾಯಿತಿ ಸಭಾಂಗಣಗಳಲ್ಲಿ ಇನ್ನೂ 1024×768 ರ 4:3 ಪ್ರೊಜೆಕ್ಟರುಗಳು ಓಡುತ್ತಿವೆ. 16:9 ರ ಸ್ಲೈಡನ್ನು ಅದರಲ್ಲಿ ಬಿಟ್ಟರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಚಿತ್ರ ಎತ್ತರದ ಮುಕ್ಕಾಲು ಭಾಗಕ್ಕೆ ಕುಗ್ಗುತ್ತದೆ. 28 ಪಾಯಿಂಟಿನ ಅಕ್ಷರ 21 ರಷ್ಟೇ ಕಾಣುತ್ತದೆ. ಮೊದಲೇ ಗೊತ್ತಿದ್ದರೆ ಡಿಸೈನ್ ಮೆನುವಿನ ಸ್ಲೈಡ್ ಸೈಜ್‌ನಲ್ಲಿ 4:3 ಆರಿಸಿಕೊಂಡೇ ಶುರುಮಾಡಬಹುದು. ಎಲ್ಲ ಮುಗಿದ ಮೇಲೆ ಬದಲಿಸಿದರೆ ಪ್ರತಿ ಸ್ಲೈಡಿನ ಪೆಟ್ಟಿಗೆಗಳನ್ನೂ ಮತ್ತೆ ಕೂರಿಸಬೇಕು.

ಇನ್ನು ಸ್ಲೈಡ್ ಮಾಸ್ಟರ್, ಅಂದರೆ ಎಲ್ಲ ಸ್ಲೈಡುಗಳಿಗೂ ಅನ್ವಯಿಸುವ ಮೂಲ ಅಚ್ಚು. ವ್ಯೂ ಮೆನುವಿನಲ್ಲಿ ಇದನ್ನು ತೆರೆದು ಮೊದಲು ಸಾಲಿನ ಅಂತರ ನೋಡಿ. ಆಫೀಸ್ ಥೀಮಿನಲ್ಲಿ ಅದು 0.9 ಇರುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೂ ಒತ್ತು. ನಾನು ಪ್ರತಿ ಹೊಸ ಫಾಂಟನ್ನೂ ಎರಡು ಸಾಲಿನಲ್ಲಿ ಪರೀಕ್ಷೆ ಮಾಡುತ್ತೇನೆ: ಮೇಲಿನ ಸಾಲಿನಲ್ಲಿ ‘ಸ್ತ್ರೀ, ರಾಷ್ಟ್ರ, ಶಾಸ್ತ್ರ’, ಕೆಳಗಿನ ಸಾಲಿನಲ್ಲಿ ‘ಕೀಟ, ಮೀಟರ್, ಬೀಜ’. ಮೇಲಿನ ರ ಒತ್ತು ಕೆಳಗಿನ ಗುಡಿಸಿಗೆ ತಾಗಿದರೆ ಅಂತರ ಹೆಚ್ಚಿಸಬೇಕು. ಹೆಚ್ಚಿನ ಫಾಂಟಿಗೆ 1.1 ರಿಂದ 1.2 ರೊಳಗೆ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಒಂದೇ ವಾಕ್ಯದ ಎರಡು ಸಾಲು ಎರಡು ಬೇರೆ ಮಾತಿನಂತೆ ಕಾಣುತ್ತದೆ.

ಇಷ್ಟು ಮಾಡಿದರೂ ಎಲ್ಲವನ್ನೂ ಕೆಡಿಸುವುದು ಆಟೋಫಿಟ್. ಪೆಟ್ಟಿಗೆ ತುಂಬಿದೊಡನೆ ಅದು ಅಕ್ಷರ ಕಿರಿದು ಮಾಡುವುದಷ್ಟೇ ಅಲ್ಲ, ಸಾಲಿನ ಅಂತರವನ್ನೂ ಸದ್ದಿಲ್ಲದೆ ಕಡಿಮೆ ಮಾಡುತ್ತದೆ. ಫಾಂಟ್ ಗಾತ್ರ ಕುಗ್ಗಿದ್ದು ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ, ಅಂತರ ಕುಗ್ಗಿದ್ದು ಕಾಣುವುದಿಲ್ಲ. ಒಂದು ಸ್ಲೈಡಿನಲ್ಲಿ ಮಾತ್ರ ಒತ್ತುಗಳು ಕೆಳಗಿನ ಸಾಲಿನ ಮೇಲೆ ಕೂತಿದ್ದರೆ ಕಾರಣ ಇದೇ. ಫಾರ್ಮ್ಯಾಟ್ ಶೇಪ್, ಟೆಕ್ಸ್ಟ್ ಆಪ್ಷನ್ಸ್, ಟೆಕ್ಸ್ಟ್ ಬಾಕ್ಸ್‌ಗೆ ಹೋಗಿ ‘ಡು ನಾಟ್ ಆಟೋಫಿಟ್’ ಆರಿಸಿ. ಮಾಸ್ಟರಿನಲ್ಲೇ ಮಾಡಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ಟೈಪ್ ಮಾಡುವಾಗ ತಾನಾಗಿ ಹೊಂದಿಸುವ ಎರಡು ಗುರುತುಗಳಿವೆ, ಅವನ್ನೂ ತೆಗೆಯಿರಿ. ಆಮೇಲೆ ಪೆಟ್ಟಿಗೆ ತುಂಬಿ ಹೊರಚೆಲ್ಲಿದರೆ ಮಾತನ್ನು ಕತ್ತರಿಸಿ, ಇಲ್ಲವೇ ಇನ್ನೊಂದು ಸ್ಲೈಡ್ ಮಾಡಿ. ಸ್ಲೈಡಿಗೇನೂ ದುಡ್ಡು ಕೊಡಬೇಕಿಲ್ಲವಲ್ಲ!

ಫಾಂಟಿಗೆ ನನ್ನ ಆಯ್ಕೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಎರಡೂ ಉಚಿತ, ಎರಡರಲ್ಲೂ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ. ತೂಕ ಇರುವುದು ಯಾಕೆ ಮುಖ್ಯ ಅಂದರೆ, ಇಂಗ್ಲಿಷಿನವರಿಗೆ ದೊಡ್ಡಕ್ಷರವಿದೆ, ನಮಗಿಲ್ಲ. ಓರೆ ಮಾಡಿದರೆ ಕನ್ನಡ ಅಕ್ಷರ ಬೀಳುತ್ತಿರುವಂತೆ ಕಾಣುತ್ತದೆ. ಅಡಿಗೆರೆ ಎಳೆದರೆ ಗೆರೆ ಒತ್ತುಗಳ ಮಧ್ಯೆ ಹಾದುಹೋಗಿ ‘ಕ್ಕ’ ಯಾವುದು ‘ಕ್ತ’ ಯಾವುದು ಎಂದು ಹುಡುಕಬೇಕಾಗುತ್ತದೆ. ಉಳಿಯುವುದು ಗಾತ್ರ, ದಪ್ಪ, ಬಣ್ಣ ಮೂರೇ. ಹುಬ್ಬಳ್ಳಿ ಫಾಂಟಿನಂತೆ ಒಂದೇ ತೂಕ ಇರುವ ಫಾಂಟಿಗೆ ಬೋಲ್ಡ್ ಒತ್ತಿದರೆ ಪವರ್‌ಪಾಯಿಂಟ್ ಗೆರೆಯನ್ನು ತಾನೇ ಉಬ್ಬಿಸಿ ದಪ್ಪ ಮಾಡುತ್ತದೆ, ಅಕ್ಷರದೊಳಗಿನ ಕಿಂಡಿಗಳು ಮುಚ್ಚಿಹೋಗುತ್ತವೆ. ಡೌನ್‌ಲೋಡ್ ಮಾಡಿದ ಕಡತದಲ್ಲಿ ‘ವೇರಿಯಬಲ್’ ಮತ್ತು ‘ಸ್ಟ್ಯಾಟಿಕ್’ ಎಂದು ಎರಡು ಬಗೆ ಇದ್ದರೆ ಸ್ಟ್ಯಾಟಿಕ್ ಹಾಕಿಕೊಳ್ಳಿ. ವೇರಿಯಬಲ್ ಫಾಂಟುಗಳ ಜೊತೆ ಪವರ್‌ಪಾಯಿಂಟ್ ಸರಿಯಾಗಿ ಏಗುವುದಿಲ್ಲ. ಲಿಬ್ರೆಆಫೀಸ್ ಬಳಸುವವರು ಅಕ್ಷರದ ಡೈಲಾಗಿನಲ್ಲಿ ವೆಸ್ಟರ್ನ್ ಭಾಗ ಬಿಟ್ಟು ಸಿಟಿಎಲ್ (ಕನ್ನಡದಂಥ ಸಂಕೀರ್ಣ ಲಿಪಿಗಳ) ಭಾಗದಲ್ಲಿ ಫಾಂಟ್, ಗಾತ್ರ ಬದಲಿಸಬೇಕು. ‘ಎಷ್ಟು ಬದಲಿಸಿದರೂ ಹಾಗೇ ಇದೆ’ ಎನ್ನುವ ದೂರು ಬರುವುದು ಇಲ್ಲಿಂದಲೇ.

ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಕೈಗೆ ಬಂದರೆ ಅದನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿ. ಹಾಗೇ ಅಂಟಿಸಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಪರಿವರ್ತಿಸಿದ ಮೇಲೂ ಅರ್ಕಾವೊತ್ತು ಇರುವ ಪದಗಳ ಮೇಲೂ ಇಂಗ್ಲಿಷಿನಿಂದ ಬಂದ ಪದಗಳ ಮೇಲೂ ಒಮ್ಮೆ ಕಣ್ಣಾಡಿಸಿ. ‘ರ‍್ಯಾಲಿ’ ಎಂದು ಬರಬೇಕಾದದ್ದು ‘ರ್ಯಾಲಿ’ ಆಗಿರುತ್ತದೆ, ‘ಸಾಫ್ಟ್‌ವೇರ್’ ಅಂಟಿಕೊಂಡು ‘ಸಾಫ್ಟ್ವೇರ್’ ಆಗಿರುತ್ತದೆ. ಪುಸ್ತಕದ 11 ಪಾಯಿಂಟಿನಲ್ಲಿ ಕಣ್ತಪ್ಪುವುದು 40 ಪಾಯಿಂಟಿನ ಶೀರ್ಷಿಕೆಯಲ್ಲಿ ರಾಚುತ್ತದೆ. ಇವನ್ನು ಸರಿಪಡಿಸುವ, ಕಾಣದೆ ಕೂರುವ ಜೋಡಕ (ZWJ), ಬಿಡಕ (ZWNJ) ಚಿಹ್ನೆಗಳು ನಿಮ್ಮ ಕೀಬೋರ್ಡಿನಲ್ಲಿ ಎಲ್ಲಿವೆ ಎಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಈಗ ಬರವಣಿಗೆ. ನನ್ನ ಸ್ಲೈಡಿನ ಶೀರ್ಷಿಕೆ ಯಾವಾಗಲೂ ಕ್ರಿಯಾಪದ ಇರುವ ಪೂರ್ಣ ವಾಕ್ಯ. ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ತೆಂಗಿನ ಬೇಸಾಯದ ತರಬೇತಿಗೆ ಸಾಮಾನ್ಯವಾಗಿ ಬರುವ ಸ್ಲೈಡಿನ ತಲೆಬರಹ ‘ತೆಂಗಿನಲ್ಲಿ ಸಮಗ್ರ ಪೋಷಕಾಂಶ ನಿರ್ವಹಣೆ’. ಅದರ ಕೆಳಗೆ ಏಳೆಂಟು ಚುಕ್ಕಿ ಸಾಲು. ಮಧ್ಯದಲ್ಲೆಲ್ಲೋ ‘ಮರವೊಂದಕ್ಕೆ ವಾರ್ಷಿಕ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಒದಗಿಸುವುದು’. ಶಿಫಾರಸು ಸರಿಯೇ. ಆದರೆ ಅಂಗಡಿಯಲ್ಲಿ ಸಾರಜನಕದ ಮೂಟೆ ಸಿಗುವುದಿಲ್ಲ, ಯೂರಿಯಾ ಸಿಗುತ್ತದೆ. ಲೆಕ್ಕ ಮಾಡುವ ಕೆಲಸವನ್ನು ಕೇಳುಗರ ತಲೆಗೆ ಹೊರಿಸಿದರೆ ಅವರು ಗುಣಾಕಾರದಲ್ಲಿರುವಾಗ ನೀವು ಹೇಳುವುದು ಗಾಳಿಗೆ ಹೋಗುತ್ತದೆ.

ಹಾಗಾಗಿ ಲೆಕ್ಕವನ್ನು ನಾವೇ ಮುಗಿಸಬೇಕು. ಯೂರಿಯಾದಲ್ಲಿ ಸಾರಜನಕ ಶೇ. 46, ಸೂಪರ್ ಫಾಸ್ಫೇಟಿನಲ್ಲಿ ರಂಜಕ ಶೇ. 16, ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಪೊಟ್ಯಾಷ್ ಶೇ. 60. ಭಾಗಿಸಿದರೆ ಯೂರಿಯಾ ಸುಮಾರು 1 ಕೆ.ಜಿ. 100 ಗ್ರಾಂ, ಸೂಪರ್ 2 ಕೆ.ಜಿ., ಪೊಟ್ಯಾಷ್ 2 ಕೆ.ಜಿ. ಇದರಲ್ಲಿ ಮೂರನೇ ಒಂದು ಭಾಗ ಮೇ–ಜೂನ್‌ನಲ್ಲಿ, ಉಳಿದದ್ದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಈಗ ಸ್ಲೈಡ್ ಹೀಗಾಗುತ್ತದೆ:

ಫಲ ಕೊಡುವ ತೆಂಗಿನ ಮರಕ್ಕೆ
ವರ್ಷಕ್ಕೆ ಎರಡು ಸಲ ಗೊಬ್ಬರ ಹಾಕಿ

ಮೇ–ಜೂನ್: ಯೂರಿಯಾ 350 ಗ್ರಾಂ, ಸೂಪರ್ 650 ಗ್ರಾಂ, ಪೊಟ್ಯಾಷ್ 650 ಗ್ರಾಂ
ಸೆಪ್ಟೆಂಬರ್–ಅಕ್ಟೋಬರ್: ಯೂರಿಯಾ 750 ಗ್ರಾಂ, ಸೂಪರ್ 1 ಕೆ.ಜಿ. 350 ಗ್ರಾಂ, ಪೊಟ್ಯಾಷ್ 1 ಕೆ.ಜಿ. 350 ಗ್ರಾಂ

ಪರದೆಯ ಮೇಲೆ ಇದು ಮೂರು ಸಾಲು, ಎರಡು ಕಾಲಮಿನ ಕೋಷ್ಟಕ. ತಿಂಗಳುಗಳು ಮೇಲೆ, ಗೊಬ್ಬರದ ಹೆಸರು ಎಡಕ್ಕೆ. ಕೋಷ್ಟಕದ ನಿಂತ ಗೆರೆಗಳನ್ನೆಲ್ಲ ಅಳಿಸಿ, ಅಡ್ಡಗೆರೆಗಳನ್ನು ತೆಳು ಬೂದು ಮಾಡುತ್ತೇನೆ. ದಪ್ಪ ಅಕ್ಷರ ಅಂಕಿಗೆ ಮಾತ್ರ, ‘ಗ್ರಾಂ’ ಸಾಮಾನ್ಯ ತೂಕದಲ್ಲಿ. ‘1.35 ಕೆ.ಜಿ.’ ಎಂದು ಬರೆಯುವುದಿಲ್ಲ, ತಕ್ಕಡಿ ಹಿಡಿದವರು ಹಾಗೆ ಮಾತಾಡುವುದಿಲ್ಲ. ಶೀರ್ಷಿಕೆಯ ಸಾಲು ಒಡೆದ ಜಾಗವನ್ನೂ ಗಮನಿಸಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪವರ್‌ಪಾಯಿಂಟ್ ತನ್ನಿಷ್ಟಕ್ಕೆ ಒಡೆದರೆ ‘ಹಾಕಿ’ ಒಂದೇ ಕೆಳಗೆ ಅನಾಥವಾಗುತ್ತದೆ. ಅರ್ಥ ನಿಲ್ಲುವ ಕಡೆ ಶಿಫ್ಟ್ ಹಿಡಿದು ಎಂಟರ್ ಒತ್ತಿ ನೀವೇ ಒಡೆಯಿರಿ. ವಿಭಕ್ತಿಗಳೆಲ್ಲ ಪದಕ್ಕೇ ಅಂಟುವುದರಿಂದ ನಮ್ಮ ಪದಗಳು ಉದ್ದ, ದೊಡ್ಡ ಅಕ್ಷರದ ಸಾಲಿಗೆ ನಾಲ್ಕೈದು ಹಿಡಿದರೆ ಹೆಚ್ಚು. ಅದಕ್ಕೇ ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ, ಪದಗಳ ನಡುವೆ ಓಣಿಗಳು ಬೀಳುತ್ತವೆ. ಎಡಕ್ಕೆ ಕೂರಿಸಿ ಬಿಡಿ.

ಹಳೆಯ ಸ್ಲೈಡಿನ ಉಳಿದ ಚುಕ್ಕಿ ಸಾಲುಗಳು ಏನಾದವು? ಬುಡದಿಂದ 1.8 ಮೀಟರ್, ಅಂದರೆ 6 ಅಡಿ ಸುತ್ತ ಪಾತಿ ಮಾಡಿ ಹಾಕಬೇಕೆಂಬುದು ಮುಂದಿನ ಸ್ಲೈಡಿನ ಚಿತ್ರವಾಯಿತು: ಮಧ್ಯೆ ಮರ, ಸುತ್ತ ಒಂದು ವೃತ್ತ, ಬಾಣದ ಮೇಲೆ ‘6 ಅಡಿ’. ಕೊಟ್ಟಿಗೆ ಗೊಬ್ಬರಕ್ಕೆ ಅದರದೇ ಸ್ಲೈಡ್. ಮಣ್ಣು ಪರೀಕ್ಷೆ ಮಾಡಿಸಿದವರು ಆ ವರದಿಯ ಪ್ರಕಾರ ಹೆಚ್ಚುಕಮ್ಮಿ ಮಾಡಿಕೊಳ್ಳಬೇಕೆಂಬುದನ್ನು ಬಾಯಲ್ಲಿ ಹೇಳುವುದು. ಮಿಕ್ಕದ್ದೆಲ್ಲ ಕೈಗೆ ಕೊಡುವ ಎ4 ಹಾಳೆಗೆ. ಸ್ಲೈಡನ್ನೇ ಪ್ರಿಂಟ್ ಹೊಡೆದು ಹಂಚುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಿಂದಲೇ ಸ್ಲೈಡುಗಳು ಗೈಡ್ ಪುಸ್ತಕಗಳಾಗಿವೆ ಎಂಬುದು ನನ್ನ ಅನಿಸಿಕೆ.

ಗ್ರಾಫಿನಲ್ಲಿ ಕನ್ನಡದ್ದೇ ಒಂದು ತೊಡಕಿದೆ. ನಿಂತ ಕಂಬದ ಗ್ರಾಫಿನ ಕೆಳಗೆ ‘ಚಿಕ್ಕನಾಯಕನಹಳ್ಳಿ’, ‘ಚನ್ನರಾಯಪಟ್ಟಣ’ ಎಂದು ಹಾಕಿದರೆ ಅಕ್ಷರ ಓರೆಯಾಗಿ ತಿರುಗಿ ಕತ್ತು ವಾಲಿಸಿ ಓದಬೇಕಾಗುತ್ತದೆ. ಮಲಗಿದ ಪಟ್ಟಿಯ ಬಾರ್ ಗ್ರಾಫ್ ಆರಿಸಿ, ಹೆಸರುಗಳಿಗೆ ಎಡದಲ್ಲಿ ಬೇಕಾದಷ್ಟು ಜಾಗ ಸಿಗುತ್ತದೆ. ಅಂಕಿಯನ್ನು ಪಟ್ಟಿಯ ತುದಿಯಲ್ಲೇ ಬರೆದರೆ ಹಿಂದಿನ ಗೆರೆಗಳೂ ಅಕ್ಷದ ಅಂಕಿಗಳೂ ಬೇಡವಾಗುತ್ತವೆ. ಮಿಲಿಯನ್ ಬಂದರೆ ಲಕ್ಷಕ್ಕೆ ತಿರುಗಿಸಿ. ನೀವು ಮಾತಾಡುವ ತಾಲ್ಲೂಕಿನ ಪಟ್ಟಿಗೆ ಮಾತ್ರ ಬಣ್ಣ, ಮಿಕ್ಕವು ಬೂದು.

ಹಿನ್ನೆಲೆ ಬಿಳಿ ಅಥವಾ ತೀರಾ ತಿಳಿ, ಅಕ್ಷರ ಕಪ್ಪು ಅಥವಾ ಕಡು ನೀಲಿ. ಪ್ರೊಜೆಕ್ಟರ್ ಕಪ್ಪನ್ನು ಬಿಡಲಾರದು, ಬೆಳಕನ್ನಷ್ಟೇ ಬಿಡಬಲ್ಲದು. ಟ್ಯೂಬ್‌ಲೈಟ್ ಉರಿಯುವ ಹಾಲಿನಲ್ಲಿ ನಿಮ್ಮ ಕಡುಕಪ್ಪು ಹಿನ್ನೆಲೆ ಗೋಡೆಯಷ್ಟೇ ಬೂದಾಗಿ, ಅದರ ಮೇಲಿನ ಹಳದಿ ಅಕ್ಷರ ಕರಗಿಹೋಗುತ್ತದೆ. ರೋಗದ ಎಲೆ ಕೆಂಪು ಚೌಕಟ್ಟು, ಒಳ್ಳೆಯ ಎಲೆ ಹಸಿರು ಚೌಕಟ್ಟು ಎಂದು ಬಣ್ಣದಿಂದಷ್ಟೇ ಬೇರ್ಪಡಿಸಬೇಡಿ. ಈ ಎರಡು ಬಣ್ಣ ಒಂದೇ ರೀತಿ ಕಾಣುವ ಗಂಡಸರು ಸಭೆಯಲ್ಲಿ ಇದ್ದೇ ಇರುತ್ತಾರೆ. ಫೋಟೋದ ಮೇಲೆ ‘ರೋಗ’, ‘ಆರೋಗ್ಯ’ ಎಂದು ಬರೆದುಬಿಡಿ. ಫೋಟೋಗಳನ್ನು ವಾಟ್ಸ್ಆ್ಯಪಿನಲ್ಲಿ ತರಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಮಾಮೂಲಿಯಾಗಿ ಕಳಿಸಿದ್ದು ಕುಗ್ಗಿ ಬರುತ್ತದೆ, ಎಲೆಯ ಮೇಲಿನ ಚುಕ್ಕೆ ದೊಡ್ಡ ಪರದೆಯಲ್ಲಿ ಕಲೆಸಿಹೋಗುತ್ತದೆ. ಎಲ್ಲ ಸೇರಿಸಿ ಕಡತ ಭಾರವಾದರೆ ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ 150 ಪಿಪಿಐ ಸಾಕು. 16:9 ಸ್ಲೈಡಿನ ಪೂರ್ತಿ ಅಗಲದ ಚಿತ್ರಕ್ಕೆ 2000 ಪಿಕ್ಸೆಲ್ ಉಳಿಯುತ್ತದೆ.

ಬೇರೆಯವರ ಕಂಪ್ಯೂಟರಿನಲ್ಲಿ ತೋರಿಸುವುದಿದ್ದರೆ ಫೈಲ್, ಆಪ್ಷನ್ಸ್, ಸೇವ್‌ನಲ್ಲಿ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ಗೆ ಗುರುತು ಹಾಕಿ, ಎಲ್ಲ ಅಕ್ಷರಗಳನ್ನೂ ಸೇರಿಸುವ ಆಯ್ಕೆ ತೆಗೆದುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಫಾಂಟ್ ಜಾಗಕ್ಕೆ ಅಲ್ಲಿರುವ ತುಂಗಾ ಅಥವಾ ನಿರ್ಮಲಾ ಬಂದು ಕೂತು ಸಾಲುಗಳು ಬೇರೆ ಕಡೆ ಒಡೆಯುತ್ತವೆ. ಪೆನ್‌ಡ್ರೈವಿನಲ್ಲಿ ಮೂಲ ಕಡತ, ಪಿಡಿಎಫ್, ಫಾಂಟ್ ಕಡತ ಮೂರೂ ಇರಲಿ. ಪಿಡಿಎಫ್‌ನಲ್ಲಿ ವಿಡಿಯೊ ಓಡುವುದಿಲ್ಲ, ಆದರೆ ಒತ್ತುಗಳು ಇಟ್ಟಲ್ಲೇ ಇರುತ್ತವೆ. ತೋರಿಸುವಾಗ ಯಾರಾದರೂ ಹಿಂದಿನ ಸ್ಲೈಡ್ ಕೇಳಿದರೆ ಅದರ ಸಂಖ್ಯೆ ಒತ್ತಿ ಎಂಟರ್ ಕೊಟ್ಟರೆ ನೇರ ಅಲ್ಲಿಗೆ ಹೋಗುತ್ತದೆ, ಅದಕ್ಕಾಗಿ ಸ್ಲೈಡ್ ಸಂಖ್ಯೆಗಳ ಪಟ್ಟಿಯೊಂದು ಕೈಯಲ್ಲಿರಬೇಕು. ಚರ್ಚೆ ಶುರುವಾದಾಗ ‘ಬಿ’ ಕೀಲಿ ಒತ್ತಿ, ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಸ್ಲೈಡ್ ವಾಪಸ್. ಕನ್ನಡ ಕೀಬೋರ್ಡ್ ಆನ್ ಆಗಿದ್ದರೆ ಈ ಕೀಲಿ ಕೆಲಸ ಮಾಡದೇ ಇರಬಹುದು, ವೇದಿಕೆ ಹತ್ತುವ ಮೊದಲು ಇಂಗ್ಲಿಷಿಗೆ ಬದಲಿಸಿಕೊಳ್ಳಿ.