ಕನ್ನಡಕದಲ್ಲಿ ಸಿಲಿಂಡರ್ ಪವರ್ ಇರುವವರು ರೆಡ್ ಡಾಟ್ ಕೊಳ್ಳುವ ಮುಂಚೆ
ಬಳ್ಳಾರಿ ಕಡೆ ಏರ್ ರೈಫಲ್ ಹಿಡಿದಿರುವ ಹೊಸಬರು ತುಂಬಾ ಜನ ಕೇಳ್ತಾರೆ, ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಯಲು ನೆರವಾಗುವ ಸೈಟ್) ನೋಡಿದರೆ ಚುಕ್ಕೆ ದುಂಡಗೆ ಕಾಣದೆ ಬಾಲ ಬಂದ ಹಾಗೆ, ಇಲ್ಲವೇ ಎರಡಾದ ಹಾಗೆ ಕಾಣುತ್ತೆ, ಮಾಲು ಕೆಟ್ಟಿದೆಯಾ ಅಂತ. ಸುಮ್ನೆ ವಾಪಸ್ ಕಳಿಸಬೇಡಿ. ಮೊದಲು ಮೊಬೈಲ್ ಕ್ಯಾಮೆರಾದಲ್ಲಿ ಅದೇ ಚುಕ್ಕೆ ನೋಡಿ. ಅಲ್ಲಿ ದುಂಡಗಿದ್ದರೆ ಸೈಟ್ ಸರಿ ಇದೆ, ಅಸ್ಟಿಗ್ಮ್ಯಾಟಿಸಂ (ಸಿಲಿಂಡರ್ ಪವರ್ ಬೇಕಾಗುವ ದೃಷ್ಟಿದೋಷ) ನಿಮ್ಮ ಕಣ್ಣಿನದು. ತಲೆ ಓರೆ ಮಾಡಿದಾಗ ಬಾಲವೂ ಜೊತೆಗೆ ತಿರುಗಿದರೆ ಇನ್ನೂ ಖಾತ್ರಿ.

ಬ್ರೈಟ್‌ನೆಸ್ ಇಳಿಸಿದರೆ ಸ್ವಲ್ಪ ಚೊಕ್ಕ ಆಗುತ್ತೆ. ಆದರೆ ನಮ್ಮ ಬಿಸಿಲಿಗೆ ಇಳಿಸಿದರೆ ಚುಕ್ಕೆಯೇ ಕಾಣಿಸದು, ಏರಿಸಿದರೆ ಮತ್ತೆ ಚದುರುತ್ತೆ!

ನನ್ನ ಮಾತು ಕೇಳಿದರೆ ಪ್ರಿಸಂ ಸೈಟ್ (ಒಳಗೆ ಪ್ರಿಸಂ ಗಾಜಿರುವ ಗಿಡ್ಡ ಸೈಟ್) ಅಥವಾ ಸ್ಕೋಪ್ (ದುರ್ಬೀನಿನಂಥ ಸೈಟ್) ತಗೊಳ್ಳಿ. ಪ್ರಿಸಂನಲ್ಲಿ ಗುರಿಯ ಗುರುತು ಗಾಜಿನ ಮೇಲೇ ಕೊರೆದಿರುತ್ತೆ, ಬೆಳಕು ಆರಿಸಿದರೂ ಕಪ್ಪಗೆ ಕಾಣುತ್ತೆ. ಹಿಂದಿನ ಡಯಾಪ್ಟರ್ (ಕಣ್ಣಿನ ಕಡೆಯ ಫೋಕಸ್ ಉಂಗುರ) ತಿರುಗಿಸಿ ಗುರುತು ಚೂಪು ಮಾಡಿಕೊಳ್ಳಬಹುದು, ಆದರೆ ಅದು ಸಿಲಿಂಡರ್ ಪವರ್ ಸರಿಪಡಿಸುವುದಿಲ್ಲ, ಹಾಗಾಗಿ ಕನ್ನಡಕ ಹಾಕಿಕೊಂಡೇ ನೋಡಿ. ಪ್ರಿಸಂಗೆ ಕಣ್ಣು ಹತ್ತಿರ ಇಡಬೇಕು, ಕನ್ನಡಕಕ್ಕೆ ತಾಗುತ್ತಾ ಅಂತ ಅಂಗಡಿಯಲ್ಲೇ ಭುಜಕ್ಕಿಟ್ಟು ನೋಡಿ. ಸ್ಪ್ರಿಂಗ್ ರೈಫಲ್ ಆದರೆ ಏರ್‌ಗನ್‌ಗೆ ಅಂತ ಬರೆದದ್ದನ್ನೇ ಕೊಳ್ಳಿ, ಅದರ ಹಿಂದೆ-ಮುಂದೆ ಒದೆತಕ್ಕೆ ಬೇರೆ ಸ್ಕೋಪ್ ಹಾಳಾಗುತ್ತವೆ. 10 ಮೀಟರ್ ಸ್ಪರ್ಧೆ ಆಡುವವರಿಗೆ ಈ ಖರ್ಚೇ ಬೇಡ, ಅಲ್ಲಿ ಸ್ಕೋಪ್ ಬಿಡುವುದಿಲ್ಲ, ಪೀಪ್ ಸೈಟಿನ ಸಣ್ಣ ತೂತಿನಲ್ಲಿ ನೋಡಿದರೆ ಮಬ್ಬು ತಾನಾಗಿಯೇ ಕಡಿಮೆ ಆಗುತ್ತೆ.