ಏಸಿ ಹಾಕಿದರೆ ಬಿಸಿಗಾಳಿಯೇ? ಗ್ಯಾಸ್ ತುಂಬಿಸುವ ಮುನ್ನ ಇಷ್ಟು ನೋಡಿ

ಕಾರಿನ ಏಸಿ ತಣ್ಣಗಾಗುತ್ತಿಲ್ಲ ಎಂದರೆ ಕಾಸರಗೋಡಿನ ಕಡೆ ತಲಪಾಡಿಯಿಂದ ಹೊಸದುರ್ಗದವರೆಗೆ ಸಿಗುವ ಉತ್ತರ ಒಂದೇ: ‘ಗ್ಯಾಸ್ ಮುಗಿದಿರಬೇಕು, ಹಾಕಿಸಿ.’ ತಂಪು ಮಾಡುವ ಈ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಹೋಸಿನಿಂದ ವರ್ಷಕ್ಕಿಷ್ಟು ಜಿನುಗುವುದು ಸಹಜ. ಒಂದೇ ಬೇಸಿಗೆಯಲ್ಲಿ ಎರಡು ಸಲ ತುಂಬಿಸಬೇಕಾಗಿ ಬಂದರೆ ತೂತು ಇದೆ ಎಂದೇ ಅರ್ಥ.

ಮೊದಲು ಖರ್ಚಿಲ್ಲದ ಪರೀಕ್ಷೆ. ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಲವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಹಲಸಿನ ಮರದಡಿ ಅಥವಾ ಅಡಿಕೆ ಅಂಗಳದಲ್ಲಿ ನಿಲ್ಲಿಸುವ ಕಾರಾದರೆ ಅಲ್ಲಿ ತರಗೆಲೆ, ಕೆಲವೊಮ್ಮೆ ಇಲಿಗೂಡು ಸಿಗುತ್ತದೆ. ಗಾಳಿ ಜೋರಾಗಿದ್ದೂ ಬಿಸಿಯಾಗಿದ್ದರೆ ಬಾನೆಟ್ ತೆರೆದು, ಇಂಜಿನ್ ಚಾಲೂ ಇರುವಾಗ ಇನ್ನೊಬ್ಬರಿಂದ ಏಸಿ ಬಟನ್ ಒತ್ತಿಸಿ. ‘ಟಕ್’ ಎಂದು ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಮುಂದಿನ ಕ್ಲಚ್ ತಟ್ಟೆ ತಿರುಗಬೇಕು, ಬೇಗನೆ ರೇಡಿಯೇಟರ್ ಪಕ್ಕದ ಫ್ಯಾನೂ ಓಡಬೇಕು. (ಕ್ಲಚ್ ಇಲ್ಲದ ಹೊಸ ಬಗೆಯ ಕಂಪ್ರೆಸರಿನಲ್ಲಿ ‘ಟಕ್’ ಕೇಳಿಸದು.) ತಟ್ಟೆ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯೂಸ್ ಬಾಕ್ಸಿನಲ್ಲಿ ಕೂರುವ ಪುಟ್ಟ ವಿದ್ಯುತ್ ಸ್ವಿಚ್). ಹಾರ್ನಿನ ರಿಲೇ ಮೇಲೂ ಅದೇ ನಂಬರ್ ಇದ್ದರೆ ಅದನ್ನೇ ಕಿತ್ತು ಇಲ್ಲಿ ಹಾಕಿ ನೋಡಬಹುದು.

ಇಲ್ಲಿ ಹಲವರು ಮಾಡುವ ಅಪಾಯದ ಕೆಲಸವೊಂದಿದೆ: ಪ್ರೆಶರ್ ಸ್ವಿಚ್ಚಿಗೆ ತಂತಿ ಜೋಡಿಸಿ ಕಂಪ್ರೆಸರನ್ನು ಬಲವಂತವಾಗಿ ಓಡಿಸುವುದು. ಗ್ಯಾಸ್ ಕಡಿಮೆಯಾದರೆ ಆ ಸ್ವಿಚ್ ಬೇಕೆಂದೇ ಕಂಪ್ರೆಸರನ್ನು ನಿಲ್ಲಿಸುತ್ತದೆ. ಕಂಪ್ರೆಸರಿಗೆ ಬೇಕಾದ ಆಯಿಲ್ ಸುತ್ತುವುದು ಗ್ಯಾಸಿನ ಜೊತೆಗೇ. ಗ್ಯಾಸ್ ಇಲ್ಲದೆ ಓಡಿಸಿದರೆ ಆಯಿಲೂ ಸಿಗದೆ ಕಂಪ್ರೆಸರ್ ಜಾಮ್ ಆಗುತ್ತದೆ. ನೂರಿನ್ನೂರರ ರಿಪೇರಿ ಸಾವಿರಗಳಿಗೆ ಏರುವುದು ಹೀಗೆ.

ಓಡುವಾಗ ತಣ್ಣಗೆ, ಸಿಗ್ನಲಿನಲ್ಲಿ ನಿಂತರೆ ಬೆಚ್ಚಗೆ ಎಂದಾದರೆ ಸಂಶಯ ಫ್ಯಾನ್ ಅಥವಾ ಕಂಡೆನ್ಸರ್ (ರೇಡಿಯೇಟರ್ ಮುಂದೆ ಕೂತು ಗ್ಯಾಸಿನ ಬಿಸಿ ಹೊರಬಿಡುವ ಜಾಲರಿ) ಮೇಲೆ. ಹೆದ್ದಾರಿ ಕಾಮಗಾರಿಯ ಕೆಂಪು ಧೂಳು ಅದರ ಎಸಳುಗಳ ನಡುವೆ ಮೆತ್ತಿಕೊಂಡು ಗಟ್ಟಿಯಾಗಿರುತ್ತದೆ. ತೋಟಕ್ಕೆ ಬಿಡುವ ಸಾದಾ ಪೈಪಿನ ನೀರು ಸಾಕು, ಸಾಧ್ಯವಾದರೆ ಇಂಜಿನ್ ಕಡೆಯಿಂದ ಹೊರಕ್ಕೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡ, ಎಸಳುಗಳು ಮಡಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ತಂಪಿಲ್ಲವೆಂದರೆ ಪ್ರೆಶರ್ ಅಳೆಯುವ ಗೇಜ್ ಹಾಕಬೇಕು. ಇದು ವರ್ಕ್‌ಶಾಪಿನ ಕೆಲಸ, ಆದರೆ ಪಕ್ಕದಲ್ಲಿ ನಿಂತು ನೋಡಿ. ಇಂಜಿನ್ ಓಡುವಾಗ ಕಡಿಮೆ ಪ್ರೆಶರಿನ ಲೋ ಕಡೆ ಸುಮಾರು 25ರಿಂದ 40, ನಮ್ಮ ಏಪ್ರಿಲ್ ಸೆಕೆಯಲ್ಲಿ ಹೆಚ್ಚು ಪ್ರೆಶರಿನ ಹೈ ಕಡೆ ಸುಮಾರು 200ರಿಂದ 250 ಪಿಎಸ್‌ಐ (ಪ್ರೆಶರಿನ ಅಳತೆ) ಇರುವುದು ಆರ್134ಎ ಎಂಬ ಬಗೆಯ ಗ್ಯಾಸಿನ ಆರೋಗ್ಯದ ಲಕ್ಷಣ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಸೋರಿದೆ. ಲೋ ಹೆಚ್ಚು, ಹೈ ಕಡಿಮೆ ಇದ್ದರೆ ಕಂಪ್ರೆಸರ್ ಸವೆದಿದೆ, ಎಷ್ಟು ಗ್ಯಾಸ್ ಹಾಕಿದರೂ ಹಣ ದಂಡ. ಇಂಜಿನ್ ಆಫ್ ಇರುವಾಗಿನ ಪ್ರೆಶರ್ ನೋಡಿ ‘ಗ್ಯಾಸ್ ಫುಲ್’ ಎನ್ನುವವರನ್ನು ನಂಬಬೇಡಿ. 30 ಡಿಗ್ರಿ ಸೆಕೆಯಲ್ಲಿ ಅರ್ಧ ತುಂಬಿದ್ದರೂ ಪೂರ್ತಿ ತುಂಬಿದ್ದರೂ ಅದು 95ರ ಆಸುಪಾಸೇ ತೋರಿಸುತ್ತದೆ.

ಸೋರಿಕೆ ಹುಡುಕುವುದೇ ಇಡೀ ಕೆಲಸದ ಜೀವಾಳ. ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿರುವ ಜಾಗವೇ ಮೊದಲ ಸುಳಿವು. ಉಳಿದ ಗ್ಯಾಸನ್ನು ಮೆಷಿನ್ನಿಗೆ ಎಳೆದುಕೊಂಡು, ಒಣ ನೈಟ್ರೋಜನನ್ನು 150 ಪಿಎಸ್‌ಐಗೆ ತುಂಬಿ, ಎಲ್ಲ ಜಾಯಿಂಟಿಗೂ ಸೋಪಿನ ನೊರೆ ಹಚ್ಚಬೇಕು, ಗುಳ್ಳೆ ಎದ್ದಲ್ಲಿ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ನೀರಿನ ಪಸೆ ಇರುತ್ತದೆ. ಆಕ್ಸಿಜನ್ ಅಂತೂ ಮುಟ್ಟಲೇಬಾರದು, ಆಯಿಲ್ ಜೊತೆ ಸೇರಿ ಸ್ಫೋಟಿಸಬಹುದು. ನೋಡಬೇಕಾದ ಜಾಗಗಳು: ಗ್ಯಾಸ್ ತುಂಬುವ ವಾಲ್ವಿನ ಪಿನ್, ಪೈಪ್ ಜಾಯಿಂಟಿನ ರಬ್ಬರ್ ಉಂಗುರ (ಓ-ರಿಂಗ್), ಕಂಪ್ರೆಸರ್ ಮುಂಭಾಗದ ಸೀಲ್, ಮತ್ತು ಕಡಲ ಬದಿಯ ನಮ್ಮ ಊರುಗಳಲ್ಲಿ ಮುಖ್ಯವಾಗಿ ಕಂಡೆನ್ಸರಿನ ಕೆಳ ಅಂಚು, ಉಪ್ಪುಗಾಳಿ ಅಲ್ಯೂಮಿನಿಯಂ ತಿನ್ನುವುದು ಅಲ್ಲಿಯೇ. ಗಲ್ಫಿನವರು ವರ್ಷಕ್ಕೊಮ್ಮೆ ಬಂದು ಚಾಲೂ ಮಾಡುವ ಕಾರಿನಲ್ಲಿ ಸೀಲ್ ಒಣಗಿ ಸೋರುವುದು ಹೆಚ್ಚು. ಮನೆಯಲ್ಲಿರುವವರು ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿದರೆ ಸಾಕು. ಎಲ್ಲೂ ಗುಳ್ಳೆ ಏಳದಿದ್ದರೆ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್ ಸೋರುತ್ತಿರಬಹುದು.

ತೂತು ಮುಚ್ಚಲೆಂದು ಮಾರುವ ಸೀಲರ್ ಡಬ್ಬಿ ಖರೀದಿಸಲೇಬೇಡಿ. ಅದು ತೂತಿನ ಜೊತೆ, ಗ್ಯಾಸ್ ಸಣ್ಣ ಕಂಡಿಯಿಂದ ಹಾಯುವ ಎಕ್ಸ್‌ಪಾನ್ಶನ್ ವಾಲ್ವನ್ನೂ ಮುಚ್ಚಬಹುದು, ವರ್ಕ್‌ಶಾಪಿನ ಮೆಷಿನ್ನನ್ನೂ ಕೆಡಿಸಬಹುದು. ಓ-ರಿಂಗ್ ಏಸಿಗೆಂದೇ ಬರುವುದನ್ನು ಆಯಿಲಿನಲ್ಲಿ ಅದ್ದಿ ಹಾಕಬೇಕು. ನಳ್ಳಿಯ ವಾಷರ್ ಆಗುವುದಿಲ್ಲ. ಪೈಪ್ ಬಿಚ್ಚಿ ಬಹಳ ಹೊತ್ತು ತೆರೆದಿಟ್ಟಿದ್ದರೆ ತೇವ ಹೀರುವ ಡ್ರಯರ್ ಬದಲಿಸಿ.

ಇನ್ನು ವ್ಯಾಕ್ಯೂಮ್, ಅಂದರೆ ಗ್ಯಾಸ್ ತುಂಬುವ ಮುನ್ನ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವುದು. ಐದು ನಿಮಿಷ ಪಂಪ್ ಓಡಿಸಿ ‘ಆಯಿತು’ ಎನ್ನುವ ಕಡೆ ಗಾಡಿ ಬಿಡಬೇಡಿ. ಒಳಗಿನ ತೇವ ಆವಿಯಾಗಿ ಹೊರಬರಬೇಕಾದರೆ ಗೇಜ್ ವ್ಯಾಕ್ಯೂಮಿನ 29 ಇಂಚಿನವರೆಗೆ (ಪಾದರಸದ ಅಳತೆ) ಇಳಿಯಬೇಕು. ಅರ್ಧ ಗಂಟೆ ಕನಿಷ್ಠ, ಜೂನ್-ಜುಲೈ ಮಳೆಯಲ್ಲಿ ಮುಕ್ಕಾಲು ಗಂಟೆ. ತೇವ ಉಳಿದರೆ ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ಕಂಡಿಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ: ಹತ್ತು ನಿಮಿಷ ತಣ್ಣಗೆ, ಆಮೇಲೆ ಬಿಸಿ, ಸ್ವಲ್ಪ ನಿಲ್ಲಿಸಿದರೆ ಮತ್ತೆ ತಣ್ಣಗೆ. ಪಂಪ್ ನಿಲ್ಲಿಸಿ ಹದಿನೈದು ನಿಮಿಷ ಬಿಡಿ. ಮುಳ್ಳು ಮೇಲೇರಿದರೆ ಸೋರಿಕೆ ಇನ್ನೂ ಇದೆ ಅಥವಾ ತೇವ ಉಳಿದಿದೆ.

ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು. ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಗ್ಯಾಸಿನ ಹೆಸರೂ ಗ್ರಾಂ ಲೆಕ್ಕವೂ ಇರುತ್ತದೆ. ಸಣ್ಣ ಕಾರುಗಳಿಗೆ ಅರ್ಧ ಕೆಜಿಯೊಳಗೆ ಮುಗಿಯುವುದೇ ಹೆಚ್ಚು. ಐವತ್ತು ಗ್ರಾಂ ಹೆಚ್ಚಾದರೂ ಪ್ರೆಶರ್ ಏರಿ ತಂಪು ಕಡಿಮೆಯಾಗುತ್ತದೆ, ಆದ್ದರಿಂದ ‘ಸ್ವಲ್ಪ ಜಾಸ್ತಿ ಹಾಕಿ’ ಎಂದು ಹೇಳಬೇಡಿ. ಅಗ್ಗದ ಸಿಲಿಂಡರುಗಳಲ್ಲಿ ಬೆಂಕಿ ಹತ್ತುವ ಅಡುಗೆ ಗ್ಯಾಸಿನ ಜಾತಿಯದ್ದು ಬೆರೆತಿರುವುದೂ ಉಂಟು, ಲೇಬಲ್ ನೋಡಿ. ಕಂಡೆನ್ಸರ್ ಬದಲಿಸಿದ್ದರೆ ಕಂಪನಿ ಹೇಳಿದ ಪಿಎಜಿ ಆಯಿಲ್ (ಏಸಿ ಕಂಪ್ರೆಸರಿನ ಆಯಿಲ್) ಸುಮಾರು 20ರಿಂದ 30 ಮಿ.ಲೀ. ಸೇರಿಸಬೇಕು.

ಕೊನೆಗೆ ಒಳಗಾಳಿ ಸುತ್ತುವ ಬಟನ್ ಒತ್ತಿ, ಇಂಜಿನನ್ನು 1,500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿಸಿ, ನಡುವಿನ ಗಾಳಿಕಿಂಡಿಯಲ್ಲಿ ಥರ್ಮಾಮೀಟರ್ ಇಡಿ. 12 ಡಿಗ್ರಿಯೊಳಗೆ ಬಂದರೆ ಹಣ ಕೊಡಿ. ಗ್ಯಾಸ್ ತುಂಬುವ ವಾಲ್ವಿನ ಪ್ಲಾಸ್ಟಿಕ್ ಮುಚ್ಚಳ ಎರಡೂ ಮರಳಿ ಕೂತಿವೆಯೇ ನೋಡಿ, ಎಳೆದದ್ದೆಷ್ಟು ಗ್ರಾಂ, ತುಂಬಿದ್ದೆಷ್ಟು ಗ್ರಾಂ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.